ಮೊದಲ ಪುಟದಿಂದಲೇ ಓದಬೇಕಾ? ಬೈಬಲ್ ಕೈಗೆತ್ತಿಕೊಂಡವರ ಪ್ರಶ್ನೆಗಳು

ಬೈಬಲ್ ಬಗ್ಗೆ, ಕ್ರೈಸ್ತ ನಂಬಿಕೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಈ ಅಂಕಣದಲ್ಲಿ ಕೇಳಿದ್ದೆ. ಬಂದ ಪತ್ರಗಳಲ್ಲಿ ಹೆಚ್ಚಿನವು ಕ್ರೈಸ್ತರಲ್ಲದವರದು. ಅದು ನನಗೆ ತುಂಬಾ ಖುಷಿ ಕೊಟ್ಟಿತು. ನನ್ನ ಪರಿಚಯ ಇಲ್ಲದವರಿಗೆ ಒಂದು ಮಾತು. ನಾನು ಬೀದರಿನ ಮಂಗಲಪೇಟೆಯವಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದೆ. ಹುಟ್ಟಿ ಬೆಳೆದದ್ದು ಕ್ರೈಸ್ತರ ಒಂದು ಪಂಗಡವಾದ ಮೆಥೋಡಿಸ್ಟ್ ಸಭೆಯಲ್ಲಿ. ಹೊಸಬರು ಯಾರಾದರೂ ಬೈಬಲ್ ಓದಬೇಕು ಅಂದರೆ ನಮ್ಮ ಮನೆಯ ಪಡಸಾಲೆಗೆ ಬರುತ್ತಾರೆ. ಚಾಪೆ ಹಾಸಿ ಕೂತು ಜೊತೆಗೆ ಓದುತ್ತೇವೆ. ದೇವಶಾಸ್ತ್ರದ ಪದವಿ ನನಗಿಲ್ಲ. ಆ ಪಡಸಾಲೆಯಲ್ಲಿ ಕಲಿತದ್ದೇ ಜಾಸ್ತಿ. ಪತ್ರ ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಹಾಕಿದ್ದೇನೆ.

ಹಾಸ್ಟೆಲ್ ಗೆಳತಿ ಕನ್ನಡ ಬೈಬಲ್ ಕೊಟ್ಟಳು. ಮೊದಲ ಪುಟದಿಂದ ಶುರು ಮಾಡಿದೆ. ಆದಿಕಾಂಡ ಕಥೆಯ ಹಾಗೆ ಓಡಿತು. ಯಾಜಕಕಾಂಡಕ್ಕೆ ಬಂದು ನಿಂತುಬಿಟ್ಟೆ. ಬರೀ ಬಲಿ, ಹೋಮ, ಕುಷ್ಠದ ನಿಯಮ. ಇದನ್ನೆಲ್ಲ ದಾಟಿದರೆ ಮಾತ್ರ ಯೇಸು ಸಿಗುವುದಾ? — ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ದಾಟಬೇಕಾಗಿಲ್ಲ ಮಗಳೇ. ನೀವು ನಿಂತ ಜಾಗದಲ್ಲೇ ಬಹಳ ಜನ ನಿಲ್ಲುತ್ತಾರೆ. ಎಷ್ಟೋ ಮನೆಗಳಲ್ಲಿ ಬೈಬಲ್ಲಿನ ಗುರುತಿನ ದಾರ ಅಲ್ಲೇ ಎಲ್ಲೋ ಸಿಕ್ಕಿಕೊಂಡಿರುತ್ತದೆ.

ಬೈಬಲ್ ಒಬ್ಬರು ಕೂತು ಬರೆದ ಪುಸ್ತಕ ಅಲ್ಲ. ನಮ್ಮ ಕೈಯಲ್ಲಿರುವುದು 66 ಪುಸ್ತಕಗಳ ಕಟ್ಟು. ಯೇಸುವಿಗಿಂತ ಮೊದಲಿನ ಹಳೆಯ ಒಡಂಬಡಿಕೆಯಲ್ಲಿ 39, ಯೇಸುವಿನಿಂದ ಶುರುವಾಗುವ ಹೊಸ ಒಡಂಬಡಿಕೆಯಲ್ಲಿ 27. ಹಳೆಯದು ಹೀಬ್ರೂ ಭಾಷೆಯಲ್ಲಿದೆ, ಕೆಲವು ಭಾಗ ಮಾತ್ರ ಅರಮಾಯಿಕ್. ಹೊಸದು ಗ್ರೀಕಿನಲ್ಲಿದೆ. ಅದರೊಳಗೆ ಚರಿತ್ರೆ ಇದೆ, ಕಾನೂನು ಇದೆ, ಹಾಡು ಇದೆ, ಗಾದೆ ಇದೆ, ಪತ್ರಗಳಿವೆ, ಕನಸಿನಂಥ ದರ್ಶನಗಳಿವೆ. ಎಲ್ಲವನ್ನೂ ಒಂದೇ ರೀತಿ ಓದಲು ಹೋದರೆ ಸುಸ್ತಾಗುತ್ತದೆ. ಪುಸ್ತಕಗಳನ್ನು ಜೋಡಿಸಿದ ಕ್ರಮ ಬೇರೆ, ಹೊಸಬರು ಓದಬೇಕಾದ ಕ್ರಮ ಬೇರೆ.

ಮಾರ್ಕನಿಂದ ಶುರು ಮಾಡಿ. ಯೇಸುವಿನ ಬದುಕನ್ನು ಹೇಳುವ ಸುವಾರ್ತೆಗಳು ನಾಲ್ಕು: ಮತ್ತಾಯ, ಮಾರ್ಕ, ಲೂಕ, ಯೋಹಾನ. ಮಾರ್ಕನದು ಎಲ್ಲಕ್ಕಿಂತ ಚಿಕ್ಕದು, 16 ಅಧ್ಯಾಯ ಅಷ್ಟೇ. ನಾಲ್ಕರಲ್ಲಿ ಮೊದಲು ಬರೆದದ್ದು ಅದೇ ಎಂದು ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಮಾರ್ಕನಿಗೆ ಅವಸರ. ದನದ ಕೊಟ್ಟಿಗೆ, ಕುರುಬರು, ಜ್ಞಾನಿಗಳು ಯಾವುದೂ ಅವನಲ್ಲಿ ಇಲ್ಲ. ಬೆಳೆದು ನಿಂತ ಯೇಸು ನೇರವಾಗಿ ಯೊರ್ದನ್ ನದಿಗೆ ಬರುತ್ತಾನೆ. ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಕೂತರೆ ಸಂಜೆ ಚಹಾದ ಹೊತ್ತಿಗೆ ಇಡೀ ಪುಸ್ತಕ ಮುಗಿಯುತ್ತದೆ. ಮೊದಲ ಸಲ ಹಾಗೆಯೇ ಒಂದೇ ಓಟದಲ್ಲಿ ಓದಿ. ಅರ್ಥವಾಗದ ಕಡೆ ಪೆನ್ಸಿಲಿನಿಂದ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಎರಡನೇ ಸಲ ನಿಧಾನವಾಗಿ, ದಿನಕ್ಕೊಂದು ಅಧ್ಯಾಯ.

ಕೊನೆಯ ಅಧ್ಯಾಯದಲ್ಲಿ ಒಂದು ವಿಷಯ ಗಮನಿಸಿ. ಬಹಳ ಹಳೆಯ ಕೈಬರಹದ ಪ್ರತಿಗಳಲ್ಲಿ ಮಾರ್ಕನ ಪುಸ್ತಕ 16:8ಕ್ಕೇ ಮುಗಿಯುತ್ತದೆ. ಸಮಾಧಿ ಖಾಲಿ. ಬಂದ ಹೆಂಗಸರು ಹೆದರಿ ನಡುಗುತ್ತಾ ಓಡಿಹೋಗುತ್ತಾರೆ, ಯಾರಿಗೂ ಏನೂ ಹೇಳುವುದಿಲ್ಲ. ಮುಂದಿನ 12 ವಚನಗಳು ಆ ಪ್ರತಿಗಳಲ್ಲಿ ಇಲ್ಲ. ಎಷ್ಟೋ ಬೈಬಲ್‌ಗಳಲ್ಲಿ ಇದನ್ನು ಗುರುತು ಹಾಕಿಯೇ ಅಚ್ಚು ಮಾಡಿರುತ್ತಾರೆ, ಮುಚ್ಚಿಡುವುದಿಲ್ಲ. ವಿಜ್ಞಾನ ಓದುವ ಹುಡುಗಿ ನೀವು, ಇಂಥ ಗುರುತುಗಳನ್ನು ಬಿಡದೆ ನೋಡಿ. (16:8 ಅಂದರೆ 16ನೇ ಅಧ್ಯಾಯ, 8ನೇ ವಚನ. ಯಾವ ಭಾಷೆಯ ಬೈಬಲ್ ತೆಗೆದರೂ ಹೀಗೇ ಹುಡುಕಬಹುದು.)

ಮಾರ್ಕ ಆದ ಮೇಲೆ ಲೂಕ. ತಪ್ಪಿಹೋದ ಮಗನ ಕಥೆ, ಮರ ಹತ್ತಿ ಕೂತ ಜಕ್ಕಾಯನ ಕಥೆ ಅವನಲ್ಲಿ ಮಾತ್ರ ಇವೆ. ನಡುನಡುವೆ ಹಳೆಯ ಒಡಂಬಡಿಕೆಯ ಹಾಡುಗಳಾದ ಕೀರ್ತನೆಗಳನ್ನು ಓದಿ. ಒಟ್ಟು 150 ಇವೆ. 13, 23, 51, 121 ಇವುಗಳಿಂದ ಶುರು ಮಾಡಿದರೆ ಸಾಕು.

ಆದರೆ ಯಾಜಕಕಾಂಡವನ್ನು ಪೂರ್ತಿ ಕೈಬಿಡಬೇಡಿ. ಆರು ತಿಂಗಳು ಬಿಟ್ಟು 19ನೇ ಅಧ್ಯಾಯ ಒಂದನ್ನೇ ಓದಿ. ಹೊಲ ಕೊಯ್ಯುವಾಗ ಮೂಲೆಮೂಲೆಯನ್ನೆಲ್ಲ ಬಳಿದು ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಅದನ್ನು ಬಡವರಿಗೆ, ಪರದೇಶದವರಿಗೆ ಬಿಡಿ ಎಂದು ಅಲ್ಲಿದೆ. ಕೂಲಿಯವನ ಕೂಲಿಯನ್ನು ರಾತ್ರಿ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ ಎಂದಿದೆ. ನಿನ್ನಂತೆಯೇ ನಿನ್ನ ನೆರೆಯವನನ್ನು ಪ್ರೀತಿಸು ಎಂಬ ಮಾತು ಮೊದಲು ಬರುವುದೂ ಇದೇ ಅಧ್ಯಾಯದಲ್ಲಿ, ಯೇಸು ಅದನ್ನು ಇಲ್ಲಿಂದಲೇ ಎತ್ತಿಕೊಂಡ. ಅದಾದ ಮೇಲೆ ರೂತಳ ಪುಸ್ತಕ ಓದಿ, ನಾಲ್ಕೇ ಅಧ್ಯಾಯ. ಗಂಡ ಸತ್ತ ಪರದೇಶದ ಹೆಣ್ಣುಮಗಳೊಬ್ಬಳು ಅತ್ತೆಯನ್ನು ಸಾಕಲು ಬೇರೆಯವರ ಹೊಲದಲ್ಲಿ ಹಕ್ಕಲು ಆಯುತ್ತಾಳೆ. ಒಣ ಕಾನೂನು ಅನಿಸಿದ್ದು ಆಗ ಒಂದು ಹೊಟ್ಟೆಯ ಅನ್ನವಾಗಿ ಕಾಣುತ್ತದೆ.

ಬಿತ್ತುವವನ ಕಥೆ ಕೇಳಿದೆ. ಒಬ್ಬ ಬಿತ್ತಲು ಹೋದ, ಕೆಲವು ಬೀಜ ದಾರಿಯ ಮೇಲೆ ಬಿದ್ದವು, ಕೆಲವು ಕಲ್ಲಿನ ಮೇಲೆ, ಕೆಲವು ಮುಳ್ಳಿನಲ್ಲಿ. ಇಂಥ ಒಕ್ಕಲುತನ ಯಾರು ಮಾಡುತ್ತಾರೆ? ನಾವು ಕೂರಿಗೆ ಹೂಡಿ ಸಾಲಿನಲ್ಲಿ ಬೀಜ ಬಿಡುತ್ತೇವೆ. ಒಂದು ಕಾಳೂ ದಾರಿಗೆ ಬೀಳುವುದಿಲ್ಲ. ಕಥೆ ಹೇಳಿದವರಿಗೆ ಒಕ್ಕಲುತನ ಗೊತ್ತಿರಲಿಲ್ಲವೋ ಏನೋ. — ತೊಗರಿ ಬೆಳೆಗಾರ, ಚಿಂಚೋಳಿ ತಾಲ್ಲೂಕು

ನಿಮ್ಮ ಪತ್ರವನ್ನು ನಮ್ಮ ಓದಿನ ಗುಂಪಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಹೊಲ ಕಂಡವರು ಮಾತ್ರ ಕೇಳುವ ಪ್ರಶ್ನೆ ಇದು.

ಕಥೆ ಮಾರ್ಕ 4ನೇ ಅಧ್ಯಾಯದಲ್ಲಿದೆ. ಯೇಸು ಗಲಿಲಾಯ ಸರೋವರದಲ್ಲಿ ದೋಣಿಯ ಮೇಲೆ ಕೂತು ಹೇಳುತ್ತಾನೆ, ಜನ ದಡದಲ್ಲಿ ನಿಂತು ಕೇಳುತ್ತಾರೆ. ಆ ಜನರಲ್ಲಿ ಒಕ್ಕಲಿಗರು ಬೇಕಾದಷ್ಟಿದ್ದರು, ಸುಳ್ಳು ಒಕ್ಕಲುತನ ಹೇಳಿದ್ದರೆ ಅಲ್ಲೇ ನಗುತ್ತಿದ್ದರು. ಆ ನಾಡಿನಲ್ಲಿ ಗೋಧಿ, ಜವೆಗೋಧಿಯನ್ನು ಕೈಯಿಂದ ಚೆಲ್ಲಿ ಬಿತ್ತುತ್ತಿದ್ದರು. ಬಿತ್ತನೆ ನಡೆಯುತ್ತಿದ್ದದ್ದು ನಮ್ಮ ಮುಂಗಾರಿನಲ್ಲಿ ಅಲ್ಲ. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಅಕ್ಟೋಬರ್, ನವೆಂಬರ್ ಹೊತ್ತಿಗೆ ಮೊದಲ ಮಳೆ ಬಿದ್ದ ಮೇಲೆ ಬಿತ್ತಿ, ಏಪ್ರಿಲ್ ಮೇ ತಿಂಗಳಲ್ಲಿ ಕೊಯ್ಯುತ್ತಿದ್ದರು. ಹೊಲಗಳ ನಡುವೆ ಜನ ನಡೆದು ಗಟ್ಟಿಯಾದ ಕಾಲುದಾರಿ ಇರುತ್ತಿತ್ತು. ಕೈಯಿಂದ ಎರಚಿದ ಬೀಜ ಅಲ್ಲಿಗೂ ಹಾರುತ್ತದೆ. ಗುಡ್ಡದ ಹೊಲಗಳಲ್ಲಿ ಮೇಲೆ ಗೇಣುದ್ದ ಮಣ್ಣು, ಕೆಳಗೆ ಬಂಡೆ.

ಇದನ್ನು ನಿಮಗಿಂತ ಬೀದರಿನವರು ಬೇಗ ಹಿಡಿಯುತ್ತಾರೆ. ನಿಮ್ಮ ಕಡೆ ಎಷ್ಟೋ ಊರಿನಲ್ಲಿ ಎರೆಭೂಮಿ, ಅಗೆದಷ್ಟೂ ಕಪ್ಪು ಮಣ್ಣು. ನಮ್ಮ ಬೀದರ್ ಊರು ನಿಂತಿರುವುದೇ ಕೆಂಪು ಜಂಬಿಟ್ಟಿಗೆಯ ಮೇಲೆ. ಕೋಟೆ ಕಟ್ಟಿದ್ದೂ ಅದೇ ಕಲ್ಲಿನಿಂದ. ತೆಳು ಮಣ್ಣಿನ ಹೊಲದಲ್ಲಿ ಏನಾಗುತ್ತದೆ ಎಂದು ಇಲ್ಲಿನ ರೈತರನ್ನು ಕೇಳಿ. ಮಳೆ ಬಿದ್ದ ಕೂಡಲೇ ಮೊಳಕೆ ಬೇಗ ಏಳುತ್ತದೆ. ನಾಲ್ಕು ದಿನ ಬಿಸಿಲು ಬಿದ್ದರೆ ಬಾಡಿಹೋಗುತ್ತದೆ. ಕಥೆಯಲ್ಲಿ ಇರುವುದೂ ಇದೇ: ಮಣ್ಣು ಆಳವಿಲ್ಲದ್ದರಿಂದ ಬೇಗ ಮೊಳೆಯಿತು, ಬೇರಿಲ್ಲದ್ದರಿಂದ ಒಣಗಿತು. ಒಕ್ಕಲುತನ ಕಾಣದವರಿಗೆ ಆ ಬೇಗ ಎನ್ನುವುದು ಹೊಳೆಯುವುದಿಲ್ಲ.

ಇನ್ನು ಇಳುವರಿ. ಒಳ್ಳೆಯ ಮಣ್ಣಿಗೆ ಬಿದ್ದದ್ದು ಮೂವತ್ತರಷ್ಟು, ಅರವತ್ತರಷ್ಟು, ನೂರರಷ್ಟು ಕೊಟ್ಟಿತು ಎನ್ನುತ್ತಾನೆ ಯೇಸು. ನೂರರಷ್ಟು ಅಂದರೆ ಆ ಕಾಲಕ್ಕೆ ಸಣ್ಣ ಮಾತಲ್ಲ. ಆದಿಕಾಂಡ 26:12ರಲ್ಲಿ ಇಸಾಕನಿಗೆ ಬರಗಾಲದ ನಾಡಿನಲ್ಲಿ ನೂರರಷ್ಟು ಬೆಳೆ ಬಂತು ಎಂದಿದೆ. ಅದನ್ನು ದೇವರ ಆಶೀರ್ವಾದ ಎಂದೇ ಬರೆದಿದ್ದಾರೆ.

ಕಥೆ ಮುಗಿದ ಮೇಲೆ ಶಿಷ್ಯರಿಗೆ ಯೇಸುವೇ ಅರ್ಥ ಬಿಡಿಸುತ್ತಾನೆ. ಬೀಜ ಅಂದರೆ ದೇವರ ವಾಕ್ಯ, ಮಣ್ಣು ಅಂದರೆ ಕೇಳುವವರ ಮನಸ್ಸು. ಪ್ರಸಂಗಗಳಲ್ಲಿ ಸಾಮಾನ್ಯವಾಗಿ ಇದನ್ನೇ ಹೇಳಿ, ನೀವು ಯಾವ ಮಣ್ಣು ಎಂದು ಕೇಳಿ ಮುಗಿಸುತ್ತಾರೆ. ಅದು ಸರಿಯೇ. ಆದರೆ ನಿಮ್ಮ ಪ್ರಶ್ನೆಯಿಂದ ನನಗೆ ಬಿತ್ತುವವನ ಕೈ ಕಾಣಿಸಿತು. ಒಂದು ಕಾಳೂ ವ್ಯರ್ಥವಾಗದಂತೆ ಬಿತ್ತುವುದು ನಮ್ಮ ಜಾಣತನ. ಬೀಜದ ರೇಟು ನೋಡಿದರೆ ಹಾಗೆ ಮಾಡಲೇಬೇಕು. ದೇವರು ಹಾಗೆ ಲೆಕ್ಕ ಹಾಕಿ ಬಿತ್ತುವವನಲ್ಲ ಎಂದು ಯೇಸು ಹೇಳುತ್ತಿದ್ದಾನೆ ಎಂದು ನಾನು ನಂಬುತ್ತೇನೆ. ದಾರಿಗೂ ಚೆಲ್ಲುತ್ತಾನೆ, ಕಲ್ಲಿಗೂ ಚೆಲ್ಲುತ್ತಾನೆ. ಯೋಗ್ಯರನ್ನು ಆರಿಸಿಕೊಂಡು ಅವರಿಗೆ ಮಾತ್ರ ಕೊಡುವುದಿಲ್ಲ.

ಅದೇ ಅಧ್ಯಾಯದ 26ರಿಂದ 29ನೇ ವಚನ ಬಿಡಬೇಡಿ. ಅಲ್ಲಿ ಇನ್ನೊಬ್ಬ ರೈತ ಬಿತ್ತಿ ಮಲಗುತ್ತಾನೆ, ಏಳುತ್ತಾನೆ. ಬೀಜ ಹೇಗೆ ಬೆಳೆಯುತ್ತದೋ ಅವನಿಗೇ ತಿಳಿಯದು. ಮೊದಲು ಗರಿ, ಆಮೇಲೆ ತೆನೆ, ಆಮೇಲೆ ತೆನೆ ತುಂಬ ಕಾಳು. ಈ ನಾಲ್ಕು ವಚನ ಮಾರ್ಕನಲ್ಲಿ ಬಿಟ್ಟರೆ ಬೇರೆ ಸುವಾರ್ತೆಯಲ್ಲಿ ಇಲ್ಲ. ಬಿತ್ತನೆ ಮುಗಿಸಿ ಮುಗಿಲು ನೋಡುತ್ತಾ ಕೂತಿರುತ್ತೀರಲ್ಲ, ಆ ದಿನಗಳಲ್ಲಿ ಓದಿ. ನಿಮಗೆ ಏನನಿಸಿತು ಎಂದು ನನಗೆ ಬರೆಯಿರಿ.

ನಮ್ಮದು ಶರಣರ ಊರು. ಕದಿಯಬಾರದು, ಕೊಲ್ಲಬಾರದು, ಸುಳ್ಳು ಹೇಳಬಾರದು ಎಂಬುದನ್ನು ನಾವು ವಚನಗಳಿಂದ ಕಲಿತವರು. ಕಾಯಕ, ದಾಸೋಹ ಇವೆ. ಬೈಬಲ್ ಇದಕ್ಕಿಂತ ಬೇರೆ ಏನು ಹೇಳುತ್ತದೆ? ವಾದಕ್ಕೆ ಕೇಳುತ್ತಿಲ್ಲ, ತಿಳಿದುಕೊಳ್ಳಲು ಕೇಳುತ್ತಿದ್ದೇನೆ. — ನಿವೃತ್ತ ಗುಮಾಸ್ತ, ಬಸವಕಲ್ಯಾಣ

ನಾನು ಕನ್ನಡ ಮೇಷ್ಟ್ರು. ವಚನ ಪಾಠ ಮಾಡಿಯೇ ಹೊಟ್ಟೆ ತುಂಬಿಸಿಕೊಂಡವಳು. 12ನೇ ಶತಮಾನದಲ್ಲಿ ಕಲ್ಯಾಣದಲ್ಲಿ ನಡೆದದ್ದರ ಬಗ್ಗೆ ನನಗಿರುವ ಗೌರವ ನಿಮಗಿಂತ ಕಡಿಮೆಯದಲ್ಲ. ಎರಡೂ ಒಂದೇ ಎಂದು ಹೇಳಿ ನಿಮ್ಮನ್ನು ಖುಷಿಪಡಿಸಲು ಹೋಗುವುದಿಲ್ಲ. ಹಾಗೆ ಹೇಳಿದರೆ ಎರಡಕ್ಕೂ ಅನ್ಯಾಯ.

ಹೌದು, ನೀತಿಯ ಮಾತುಗಳು ಹತ್ತಿರ ಹತ್ತಿರ ಇವೆ. ವಿಮೋಚನಕಾಂಡ 20ರಲ್ಲಿ ಹತ್ತು ಆಜ್ಞೆಗಳಿವೆ. ಕದಿಯಬಾರದು, ಕೊಲ್ಲಬಾರದು ಎನ್ನುವುದು ಅಲ್ಲೂ ಇದೆ. ಅದಕ್ಕಾಗಿ ಬೈಬಲ್ ಓದಬೇಕಾದ ಅಗತ್ಯ ನಿಮಗಿಲ್ಲ.

ನೀವು ಮತ್ತಾಯ 20ನೇ ಅಧ್ಯಾಯದ ಮೊದಲ 16 ವಚನ ಓದಿ. ದ್ರಾಕ್ಷಿ ತೋಟದ ಯಜಮಾನ ಬೆಳಗಿನ ಜಾವ ಸಂತೆಕಟ್ಟೆಗೆ ಹೋಗಿ ಆಳುಗಳನ್ನು ಕರೆತರುತ್ತಾನೆ. ಕೂಲಿ ಒಂದು ದೆನಾರಿ. ಅದು ಒಂದು ದಿನದ ಮಾಮೂಲಿ ಕೂಲಿ. ಒಂಬತ್ತು ಗಂಟೆಗೆ ಮತ್ತೆ ಹೋಗಿ ಇನ್ನಷ್ಟು ಜನರನ್ನು ಕರೆಯುತ್ತಾನೆ. ಹನ್ನೆರಡಕ್ಕೆ ಮತ್ತೆ, ಮೂರಕ್ಕೆ ಮತ್ತೆ. ಸಂಜೆ ಐದಕ್ಕೂ ಹೋಗುತ್ತಾನೆ. ಆಗಲೂ ಅಲ್ಲಿ ಜನ ನಿಂತಿದ್ದಾರೆ. ದಿನವಿಡೀ ಇಲ್ಲಿ ಯಾಕೆ ಸುಮ್ನೆ ನಿಂತಿದ್ದೀರಿ ಎಂದು ಕೇಳಿದರೆ, ನಮ್ಮನ್ನು ಯಾರೂ ಕೆಲಸಕ್ಕೆ ಕರೆಯಲಿಲ್ಲ ಎನ್ನುತ್ತಾರೆ. ಅವರನ್ನೂ ಕಳಿಸುತ್ತಾನೆ. ಸಂಜೆ ಕೂಲಿ ಕೊಡುವಾಗ ಐದು ಗಂಟೆಗೆ ಬಂದವರಿಗೂ ಒಂದು ದೆನಾರಿ, ಬೆಳಗಿನಿಂದ ಬಿಸಿಲಿನಲ್ಲಿ ದುಡಿದವರಿಗೂ ಒಂದು ದೆನಾರಿ!

ಬೆಳಗಿನಿಂದ ದುಡಿದವರು ಗೊಣಗುತ್ತಾರೆ. ಕಾಯಕವನ್ನು ನಂಬಿದ ನಿಮಗೂ ಸಿಟ್ಟು ಬರಬೇಕು. ಇದು ಅನ್ಯಾಯ ಅಲ್ವಾ? ನಮ್ಮ ಗುಂಪಿನಲ್ಲಿ ಈ ಕಥೆ ಓದಿದಾಗಲೆಲ್ಲ ಜಗಳವೇ ಆಗುತ್ತದೆ. ದಿನಗೂಲಿಗೆ ಹೋಗುವ ಹೆಂಗಸೊಬ್ಬರು ಒಮ್ಮೆ ಎದ್ದು ಹೇಳಿದರು: ಸಂಜೆವರೆಗೆ ನಿಂತವರು ಸೋಮಾರಿಗಳಲ್ಲ ಟೀಚರ್, ಮುದುಕರು, ಕುಂಟರು, ಬಸುರಿಯರು, ಗುತ್ತಿಗೆದಾರ ಯಾರನ್ನು ಬೇಡ ಅಂತಾನೋ ಅವರು. ಬೆಳಿಗ್ಗೆ ನಾಕಾದಲ್ಲಿ ನಿಂತು ಗೊತ್ತಿದ್ದವರಿಗೇ ಇದು ಹೊಳೆಯುವುದು. ಈ ಮಾತು ನಾನು ಓದಿದ ಯಾವ ವ್ಯಾಖ್ಯಾನದಲ್ಲೂ ಅಷ್ಟು ಸ್ಪಷ್ಟವಾಗಿ ಇರಲಿಲ್ಲ.

ಸುವಾರ್ತೆ ಹೇಳುವುದು ಇಲ್ಲಿದೆ. ದೇವರು ಕೊಡುವುದು ನಾವು ದುಡಿದಷ್ಟನ್ನಲ್ಲ. ಒಳ್ಳೆಯ ಕೆಲಸ ಮಾಡಿ ದೇವರ ಹತ್ತಿರ ಕೂಲಿ ಕೇಳುವ ಹಾಗಿಲ್ಲ. ಯಾರೂ ಕರೆಯದವರನ್ನು ಆತನೇ ಬಂದು ಕರೆಯುತ್ತಾನೆ. ದೇವರ ಕರುಣೆಯ ಬಗ್ಗೆ ಶರಣರೂ ಕರಗಿ ಹಾಡಿದ್ದಾರೆ, ಅದು ನನಗೆ ಗೊತ್ತು. ಆದರೆ ಕ್ರೈಸ್ತರು ಈ ಕರುಣೆಯನ್ನು ಒಬ್ಬ ವ್ಯಕ್ತಿಯ ಬದುಕಿಗೆ, ಒಂದು ಕಾಲಕ್ಕೆ, ಒಂದು ಊರಿಗೆ ಕಟ್ಟಿಬಿಡುತ್ತಾರೆ. ರೋಮಿನ ಅಧಿಪತಿ ಪೊಂತ್ಯ ಪಿಲಾತನ ಕಾಲದಲ್ಲಿ, ಯೆರೂಸಲೇಮಿನ ಗೋಡೆಯ ಹೊರಗೆ, ಯೇಸುವನ್ನು ಶಿಲುಬೆಗೆ ಹಾಕಿ ಕೊಂದರು. ಮೂರನೆಯ ದಿನ ಆತ ಎದ್ದ. ಆತನಲ್ಲಿ ದೇವರೇ ನಮ್ಮ ಬಳಿಗೆ ಬಂದ. ಕ್ರೈಸ್ತ ನಂಬಿಕೆ ನಿಂತಿರುವುದು ಇದರ ಮೇಲೆ. ಇದು ನಡೆಯದಿದ್ದರೆ ನಮ್ಮ ನಂಬಿಕೆಯೇ ವ್ಯರ್ಥ ಎಂದು ಯೇಸುವಿನ ಸುವಾರ್ತೆಯನ್ನು ಊರೂರಿಗೆ ಒಯ್ದ ಪೌಲನು ಕೊರಿಂಥದ ಸಭೆಯವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಹೇಳಿಬಿಟ್ಟಿದ್ದಾನೆ. ನಾನು ಇದನ್ನು ನಂಬುತ್ತೇನೆ. ನೀವು ನಂಬಲೇಬೇಕು ಎಂದು ಹೇಳುತ್ತಿಲ್ಲ. ಆದರೆ ಬೇರೆ ಏನು ಎಂದು ಕೇಳಿದಿರಿ, ಬೇರೆ ಇರುವುದು ಇದು.

ಚರ್ಚಿಗೆ ಹೋಗಿ ನೋಡಬೇಕು ಅನಿಸುತ್ತದೆ, ಭಯ. ಒಳಗೆ ಬಿಡುತ್ತಾರಾ? ಯಾವ ಚರ್ಚಿಗೆ ಹೋಗಬೇಕು? — ಗೃಹಿಣಿ, ಯಾದಗಿರಿ

ಧಾರಾಳವಾಗಿ ಹೋಗಿ. ಹಿಂದಿನ ಸಾಲಿನಲ್ಲಿ ಕೂತು ನೋಡಿ. ಕೆಲವು ಸಭೆಗಳಲ್ಲಿ ಚಪ್ಪಲಿ ಹೊರಗೆ ಬಿಡುತ್ತಾರೆ, ಹೆಂಗಸರು ತಲೆಗೆ ಸೆರಗು ಹೊದೆಯುತ್ತಾರೆ. ಮುಂದಿನವರನ್ನು ನೋಡಿ ಹಾಗೇ ಮಾಡಿ. ಕಾಣಿಕೆಯ ಚೀಲ ಬಂದಾಗ ಏನೂ ಹಾಕದೆ ಮುಂದೆ ದಾಟಿಸಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ರೊಟ್ಟಿ, ದ್ರಾಕ್ಷಾರಸ ಕೊಡುವ ಸಂಸ್ಕಾರ ನಡೆದರೆ ನಿಮ್ಮ ಜಾಗದಲ್ಲೇ ಕೂತಿರಿ. ಅದು ದೀಕ್ಷಾಸ್ನಾನ ಆದವರಿಗೆ, ಅಂದರೆ ನೀರಿನಿಂದ ದೀಕ್ಷೆ ಪಡೆದು ಸಭೆಗೆ ಸೇರಿದವರಿಗೆ.

ನಮ್ಮ ಭಾಗದಲ್ಲಿ ಮೆಥೋಡಿಸ್ಟರು ಹಳಬರು. ನವೆಂಬರಿನಲ್ಲಿ ವಿಕಾರಾಬಾದ್ ಹತ್ತಿರದ ಧಾರೂರಿನಲ್ಲಿ ಅವರ ಜಾತ್ರೆ ಸೇರುತ್ತದೆ. ನಮ್ಮ ಕಡೆಯಿಂದಲೂ ಜನ ಗಂಟು ಕಟ್ಟಿಕೊಂಡು ಹೋಗುತ್ತಾರೆ. ಕಥೊಲಿಕರಿಗೆ 2005ರಿಂದ ಕಲಬುರಗಿಯಲ್ಲೇ ಧರ್ಮಪ್ರಾಂತ್ಯ ಇದೆ, ಬಿಷಪ್ ಇದ್ದಾರೆ. ಅವರ ಬೈಬಲ್‌ನಲ್ಲಿ 73 ಪುಸ್ತಕ ಇರುತ್ತವೆ, ಹಳೆಯ ಒಡಂಬಡಿಕೆಯಲ್ಲಿ 7 ಹೆಚ್ಚು. ಪೆಂತೆಕೊಸ್ತರಲ್ಲಿ ಪ್ರಾರ್ಥನೆ ಜೋರು, ಹಾಡು ಜೋರು. ಎಲ್ಲರೂ ಓದುವುದು ಅದೇ ನಾಲ್ಕು ಸುವಾರ್ತೆ. ಮನೆಗೆ ಹತ್ತಿರ ಇರುವುದಕ್ಕೆ ಹೋಗಿ.

ಒಬ್ಬರು ಬಂದು, ಯೇಸುವನ್ನು ನಂಬಿದರೆ ಗಂಡನ ಕಾಯಿಲೆ ವಾಸಿಯಾಗುತ್ತದೆ, ಸಾಲ ತೀರುತ್ತದೆ ಎಂದರು. ಮಾತ್ರೆ ನಿಲ್ಲಿಸಿ ಪ್ರಾರ್ಥನೆ ಮಾಡಿ ಎಂದರು. ನಿಜವಾ? — ಶಹಾಪುರ

ಮಾತ್ರೆ ನಿಲ್ಲಿಸಬೇಡಿ. ದಯವಿಟ್ಟು ಇವತ್ತೇ ಮತ್ತೆ ಶುರು ಮಾಡಿ, ಡಾಕ್ಟರನ್ನು ಕಾಣಿ. ಮುಂದಿನದನ್ನು ಆಮೇಲೆ ಓದಿ.

ಮೂರನೆಯ ಸುವಾರ್ತೆ ಬರೆದ ಲೂಕನನ್ನು ಪೌಲನು ಪ್ರಿಯ ವೈದ್ಯ ಎಂದು ಕರೆಯುತ್ತಾನೆ. ನಿಮ್ಮ ಯಾದಗಿರಿಯಲ್ಲಿ ಮೆಥೋಡಿಸ್ಟ್ ಮಿಷನ್ನಿನವರು ಆಸ್ಪತ್ರೆ ಕಟ್ಟಿದ್ದು ಪ್ರಾರ್ಥನೆಯಲ್ಲಿ ನಂಬಿಕೆ ಇಲ್ಲದ್ದಕ್ಕಲ್ಲ. ಔಷಧಿ, ಪ್ರಾರ್ಥನೆ ಎರಡೂ ಒಂದೇ ಮನೆಯಲ್ಲಿ ಇರಬಹುದು.

ಯೇಸು ರೋಗಿಗಳನ್ನು ವಾಸಿ ಮಾಡಿದ ಎಂದು ಸುವಾರ್ತೆಗಳು ಹೇಳುತ್ತವೆ, ನಾನದನ್ನು ನಂಬುತ್ತೇನೆ. ಈಗಲೂ ದೇವರು ವಾಸಿ ಮಾಡಬಲ್ಲ ಎಂದು ನಂಬುತ್ತೇನೆ. ಆದರೆ ನಂಬಿದರೆ ಸಾಲ ತೀರುತ್ತದೆ ಎಂದು ಬೈಬಲ್ ಎಲ್ಲೂ ಮಾತು ಕೊಟ್ಟಿಲ್ಲ. ಪೌಲನಿಗೆ ದೇಹದಲ್ಲಿ ಒಂದು ನೋವಿತ್ತು, ಅದನ್ನು ಅವನು ಮುಳ್ಳು ಎನ್ನುತ್ತಾನೆ. ಮೂರು ಸಲ ಬೇಡಿಕೊಂಡರೂ ಅದು ಹೋಗಲಿಲ್ಲ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಪಾತ್ರೆಯನ್ನು, ಅಂದರೆ ಬರಲಿರುವ ಸಂಕಟವನ್ನು, ನನ್ನಿಂದ ತೊಲಗಿಸು ಎಂದು ಬೇಡಿದ. ಮರುದಿನ ಶಿಲುಬೆಗೆ ಹೋದ.

ನನ್ನ ಗಂಡನಿಗೆ ಮೂತ್ರಪಿಂಡದ ಕಾಯಿಲೆ ಇತ್ತು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಸಭೆಯವರೆಲ್ಲ ಪ್ರಾರ್ಥನೆ ಮಾಡಿದರು. ನಾನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಾಡಿದೆ. ಅವರು ಉಳಿಯಲಿಲ್ಲ. ಆಮೇಲೆ ಒಬ್ಬರು ಮನೆಗೆ ಬಂದು, ನಂಬಿಕೆ ಸಾಲದ್ದಕ್ಕೆ ಹೀಗಾಯಿತು ಎಂದು ಹೇಳಿ ಹೋದರು. ಆ ಮಾತು ಸಾವಿಗಿಂತ ಜಾಸ್ತಿ ನೋಯಿಸಿತು. ನಿಮಗೆ ಯಾರಾದರೂ ಹಾಗೆ ಹೇಳಿದರೆ ಯೋಹಾನ 9ನೇ ಅಧ್ಯಾಯ ತೆರೆದು ತೋರಿಸಿ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು, ಪಾಪ ಮಾಡಿದವನು ಇವನಾ, ಇವನ ತಂದೆತಾಯಿಯಾ ಎಂದು ಕೇಳುತ್ತಾರೆ. ಇವನೂ ಅಲ್ಲ, ಅವರೂ ಅಲ್ಲ ಎನ್ನುತ್ತಾನೆ ಯೇಸು.

ಆ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 88ನೇ ಕೀರ್ತನೆ. ಅಳುವಿನಿಂದ ಶುರುವಾಗುವ ಕೀರ್ತನೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. ಇದು ತಿರುಗುವುದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಇಂಥ ಹಾಡನ್ನೂ ಪ್ರಾರ್ಥನೆ ಎಂದು ಒಪ್ಪಿಕೊಂಡು ದೇವರ ಪುಸ್ತಕದಲ್ಲಿ ಇಟ್ಟಿದ್ದಾರೆ. ಅಂದರೆ ನಾನು ಅಳುತ್ತಾ, ಜಗಳವಾಡುತ್ತಾ ಆತನ ಮುಂದೆ ಕೂರಬಹುದು. ಸತ್ತ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಕಣ್ಣೀರು ಬಿಟ್ಟ. ನಾನು ನಂಬುವುದು ಆ ಯೇಸುವನ್ನು. ನಿಮ್ಮ ಗಂಡನಿಗಾಗಿ ನಾನೂ ಪ್ರಾರ್ಥಿಸುತ್ತೇನೆ, ಅದಕ್ಕಾಗಿ ನೀವು ಏನನ್ನೂ ಬದಲಿಸಬೇಕಾಗಿಲ್ಲ. ಸಾಲದ ವಿಷಯವನ್ನು ಮುಚ್ಚಿಡದೆ ಮನೆಯ ಹಿರಿಯರೊಬ್ಬರ ಹತ್ತಿರ ಹೇಳಿಕೊಳ್ಳಿ.

ಕುರಾನಿನಲ್ಲಿ ಈಸಾ ಇದ್ದಾರೆ, ಮರ್ಯಮ್ ಇದ್ದಾರೆ. ಬೈಬಲ್ಲಿನ ಯೇಸು ಅವರೇನಾ? — ಕಲಬುರಗಿ

ಬಹಳಷ್ಟು ಕೂಡಿ ಬರುತ್ತದೆ. ಕುರಾನಿನ 19ನೇ ಅಧ್ಯಾಯಕ್ಕೆ ಮರ್ಯಮ್ ಎಂದೇ ಹೆಸರು. ಕನ್ಯೆಯಿಂದ ಹುಟ್ಟಿದ್ದು, ರೋಗ ವಾಸಿ ಮಾಡಿದ್ದು, ಮಸೀಹ ಎಂಬ ಬಿರುದು ಎರಡರಲ್ಲೂ ಇವೆ. ಬೇರೆಯಾಗುವುದು ಎರಡು ಕಡೆ. ಯೇಸು ದೇವರ ಮಗ ಎಂದು ಕ್ರೈಸ್ತರು ಹೇಳುತ್ತಾರೆ, ಮುಸ್ಲಿಮರು ಪ್ರವಾದಿ ಎನ್ನುತ್ತಾರೆ. ಯೇಸು ಶಿಲುಬೆಯ ಮೇಲೆ ಸತ್ತು ಎದ್ದ ಎಂದು ಸುವಾರ್ತೆ ಹೇಳುತ್ತದೆ, ಕುರಾನ್ ಅದನ್ನು ಒಪ್ಪುವುದಿಲ್ಲ. ನೀವು ಲೂಕನ ಮೊದಲ ಎರಡು ಅಧ್ಯಾಯ ಓದಿ. ಜಕರೀಯ, ಅವನ ಮಗ ಯೋಹಾನ, ಯೇಸುವಿನ ತಾಯಿ ಮರಿಯಳು ಎಲ್ಲರೂ ನಿಮಗೆ ಪರಿಚಯದವರೇ. ನನ್ನ ಪಕ್ಕದ ಮನೆಯ ಆಪಾ ಮತ್ತು ನಾನು ಒಮ್ಮೆ ಹೀಗೇ ಅಕ್ಕಪಕ್ಕ ಇಟ್ಟು ಓದಿದ್ದೆವು.

ಯಾವ ಕನ್ನಡ ಬೈಬಲ್ ಕೊಳ್ಳಬೇಕು? — ಹುಮನಾಬಾದ್

ಭಾರತೀಯ ಸತ್ಯವೇದ ಸಂಘದ (ಬೈಬಲ್ ಸೊಸೈಟಿ ಆಫ್ ಇಂಡಿಯಾ) ಹಳೆಯ ಅನುವಾದ ನಮ್ಮ ಸಭೆಗಳಲ್ಲಿ ಓದುವುದು. ಭಾಷೆ ಸ್ವಲ್ಪ ಬಿಗಿ, ಆದರೆ ಗಟ್ಟಿಯಾಗಿ ಓದಿದರೆ ಕಿವಿಗೆ ಚೆಂದ. ಹೊಸಬರಿಗೆ ಸರಳ ಕನ್ನಡದ ಅನುವಾದಗಳೂ ಬಂದಿವೆ. ಅಂಗಡಿಯಲ್ಲಿ ಲೂಕ 15 ತೆರೆದು ನಾಲ್ಕು ಸಾಲು ಓದಿ ನೋಡಿ, ನಾಲಿಗೆಗೆ ಒಗ್ಗಿದ್ದನ್ನು ತೆಗೆದುಕೊಳ್ಳಿ. ಮೊಬೈಲಿನಲ್ಲಿ ಉಚಿತ ಆ್ಯಪ್‌ಗಳಿವೆ, ಓದಿ ಕೇಳಿಸುವವೂ ಇವೆ. ಅಕ್ಷರ ಬಾರದ ಹಿರಿಯರಿಗೆ ಅದು ಅನುಕೂಲ. ನನ್ನ ಅವ್ವನಿಗೆ ಓದಲು ಬರುತ್ತಿರಲಿಲ್ಲ. ಕೇಳಿ ಕೇಳಿಯೇ ಎಷ್ಟೋ ಕೀರ್ತನೆ ಬಾಯಿಪಾಠ ಮಾಡಿದ್ದಳು. ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದಳು.

ಇದಕ್ಕೆಲ್ಲ ಮೂಲ ಬಳ್ಳಾರಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು, ಕನ್ನಡ ಕಲಿತು, ಅನುವಾದ ಹಿಡಿದರು. ಜೊತೆಗೆ ದುಡಿದ ವಿಲಿಯಂ ರೀವ್ ಕನ್ನಡ ನಿಘಂಟನ್ನೂ ಮಾಡಿದರು. ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಒಂದು ಪುಸ್ತಕವನ್ನು ನಮ್ಮ ನುಡಿಗೆ ತರಲು ಜನ ಇಪ್ಪತ್ತು ವರ್ಷ ಕೊಟ್ಟರು. ಕನ್ನಡ ಕಲಿಸಿದವಳಾಗಿ ನನಗೆ ಅದು ದೊಡ್ಡದು.

ನನ್ನ ಮಗಳು ಪಿಯುಸಿ. ಗೆಳತಿಯ ಜೊತೆ ಸೇರಿ ಬೈಬಲ್ ಓದುತ್ತಿದ್ದಾಳೆ, ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ನಾವು ಲಿಂಗಾಯತರು. ಬೈದರೆ ಕೈತಪ್ಪುತ್ತಾಳೆ ಎಂಬ ಭಯ, ಬಿಟ್ಟರೂ ಕೈತಪ್ಪುತ್ತಾಳೆ ಎಂಬ ಭಯ. — ತಾಯಿ, ಭಾಲ್ಕಿ

ನಿಮ್ಮ ಪತ್ರವನ್ನು ಎರಡು ಮೂರು ಸಲ ಓದಿದೆ. ನಿಮ್ಮ ಭಯವನ್ನು ನಾನು ಹಗುರ ಮಾಡುವುದಿಲ್ಲ.

ಓದುವುದರಿಂದ ಯಾರೂ ಕ್ರೈಸ್ತರಾಗಿಬಿಡುವುದಿಲ್ಲ. ಏನನ್ನು ನಂಬಬೇಕು ಎನ್ನುವುದು ಅವರವರ ಮನಸ್ಸಾಕ್ಷಿಗೆ ಬಿಟ್ಟದ್ದು, ಸಂವಿಧಾನದ 25ನೇ ವಿಧಿ ಹೇಳುವುದೂ ಅದನ್ನೇ. ಆದರೆ ನಿಮ್ಮ ಮಗಳಿಗೆ ಇನ್ನೂ ಚಿಕ್ಕ ವಯಸ್ಸು. ಅಪ್ಪ ಅಮ್ಮನಿಗೆ ಹೇಳದೆ ಬಾ, ಬೇಗ ತೀರ್ಮಾನ ಮಾಡು ಎಂದು ಅವಳಿಗೆ ಯಾರಾದರೂ ಹೇಳಿದ್ದರೆ ಅಂಥವರಿಂದ ದೂರ ಇರಲು ಹೇಳಿ. ಕ್ರೈಸ್ತಳಾಗಿಯೇ ಇದನ್ನು ಹೇಳುತ್ತಿದ್ದೇನೆ. ಯೇಸು ಯಾರನ್ನೂ ಅವಸರ ಮಾಡಲಿಲ್ಲ. ಬೆಲೆ ಎಷ್ಟು ಎಂದು ಕೂತು ಲೆಕ್ಕ ಹಾಕದೆ ಗೋಪುರ ಕಟ್ಟಲು ಹೊರಡಬೇಡಿ ಎಂದ. ದುಃಖದಿಂದ ತಿರುಗಿಹೋದ ಶ್ರೀಮಂತ ಯುವಕನ ಹಿಂದೆ ಓಡಲಿಲ್ಲ, ಹೋಗಲು ಬಿಟ್ಟ.

ಪುಸ್ತಕ ದಿಂಬಿನ ಕೆಳಗಿನಿಂದ ಮೇಜಿನ ಮೇಲೆ ಬರಲಿ. ಮೊದಲು ಅಷ್ಟಾಗಲಿ. ಬಚ್ಚಿಟ್ಟು ಓದಿದರೆ ಕೇಳಬೇಕಾದ ಪ್ರಶ್ನೆಗಳೂ ಒಳಗೇ ಉಳಿಯುತ್ತವೆ. ನೀವೂ ಅವಳ ಜೊತೆ ಕೂತು ಓದಿ. ನಿಮ್ಮ ಮನೆಯಲ್ಲಿರುವ ವಚನಗಳ ಪುಸ್ತಕವನ್ನೂ ಪಕ್ಕಕ್ಕೆ ಇಟ್ಟುಕೊಳ್ಳಿ, ಅವಳಿಗೆ ಅದೂ ಬೇಕು.

ಲೂಕ 2:41ರಿಂದ ಶುರು ಮಾಡಿ ಆ ಅಧ್ಯಾಯದ ಕೊನೆಯವರೆಗೆ ಓದಿ. ಯೇಸುವಿಗೆ ಹನ್ನೆರಡು ವರ್ಷ. ಹಬ್ಬಕ್ಕೆ ಯೆರೂಸಲೇಮಿಗೆ ಹೋದವರು ತಿರುಗಿ ಬರುವಾಗ ಹುಡುಗ ಇಲ್ಲ. ತಾಯಿ ತಂದೆ ಒಂದು ದಿನದ ದಾರಿ ಬಂದವರು ಹುಡುಕುತ್ತಾ ವಾಪಸ್ಸು ಹೋಗುತ್ತಾರೆ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಗುತ್ತಾನೆ, ಗುರುಗಳ ನಡುವೆ ಕೂತು ಪ್ರಶ್ನೆ ಕೇಳುತ್ತಿದ್ದಾನೆ. ತಾಯಿ ಬೈಯುತ್ತಾಳೆ, ಯಾಕೆ ಹೀಗೆ ಮಾಡಿದೆ, ನಾವು ಎಷ್ಟು ಕಳವಳಪಟ್ಟೆವು ಎನ್ನುತ್ತಾಳೆ. ಮಗ ಕೊಟ್ಟ ಉತ್ತರ ಅವರಿಗೆ ಅರ್ಥವಾಗಲಿಲ್ಲ ಎಂದು ಲೂಕ ನೇರವಾಗಿ ಬರೆದಿದ್ದಾನೆ. ಆದರೂ ಹುಡುಗ ಅವರ ಜೊತೆ ಮನೆಗೆ ಬಂದು ಅವರ ಮಾತಿನಂತೆ ನಡೆದ.

ಈ ಹನ್ನೆರಡು ವಚನಗಳನ್ನು ಮಗಳ ಕೈಯಲ್ಲೇ ಗಟ್ಟಿಯಾಗಿ ಓದಿಸಿ. ತಾಯಿಯ ಮಾತು ಬಂದಾಗ ನೀವು ಓದಿ. ಆಮೇಲೆ ನಿಮ್ಮಿಬ್ಬರ ನಡುವೆ ಏನು ಮಾತು ಬಂತು, ಬರೆಯಿರಿ. ಅವಳಿಗೂ ಬರೆಯಲು ಹೇಳಿ. ಇಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುತ್ತೇನೆ.